ಅಧ್ಯಾಪಕ ಥಾಮಸ್ ಚಾರ್ಲ್ಸ್ ಹೋಪ್

ಹಿರಿಯರ ಹೆಸರು ಲೋಕದಲ್ಲಿ ಉಳಿಯುವ ಬಗೆ ಒಂದೇ ತೆರನಾದುದಲ್ಲ. ಕವಿಯ ಹೆಸರು ಕಾವ್ಯದಲ್ಲಿಯೂ ಅರಸನ ಹೆಸರು ಶಾಸನದಲ್ಲಿಯೂ ಉಳಿದರೆ, ವಿಜ್ಞಾನಿಯ ಹೆಸರು ಒಮ್ಮೊಮ್ಮೆ ಒಂದು ಪಾತ್ರೆಗೆ ಅಂಟಿಕೊಂಡು ಉಳಿದುಬಿಡುತ್ತದೆ. ಹೋಪ್ ಉಪಕರಣವೆಂಬ ಮಾತನ್ನು ಉಷ್ಣವಿಜ್ಞಾನದ ಪಾಠ ಓದಿದ ಹಲವು ತಲೆಮಾರಿನ ವಿದ್ಯಾರ್ಥಿಗಳು ಕೇಳಿದ್ದಾರೆ. ಎತ್ತರವಾದ ಒಂದು ಪಾತ್ರೆ, ಅದರ ನಡುವಿಗೆ ಮಂಜುಗಡ್ಡೆ ತುಂಬಿದ ಒಂದು ತೊಟ್ಟಿ, ಮೇಲೊಂದು ಕೆಳಗೊಂದು ಉಷ್ಣಮಾಪಕ. ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಅಂಕಗಳನ್ನು ಪಡೆದು ಮುಂದೆ ಸಾಗಿದವರೇ ಹೆಚ್ಚು. ಆ ಹೆಸರಿನ ಹಿಂದೆ ಐವತ್ತಾರು ವರ್ಷ ಪಾಠ ಹೇಳಿದ ಒಬ್ಬ ಅಧ್ಯಾಪಕನ ಜೀವವಿದೆಯೆಂಬುದನ್ನು ನೆನೆದವರು ವಿರಳ.

ಕನ್ನಡ ಸಾಹಿತ್ಯದ ಪಾಠ ಹೇಳುವ ನನಗೆ ಈ ರಸಾಯನಶಾಸ್ತ್ರಜ್ಞನ ಗೊಡವೆಯೇಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣವೇ ನಮ್ಮ ಇಂದಿನ ಕೊಪ್ಪಳ. ಅಂಥ ನೆಲದ ಭಾಷೆಯಲ್ಲಿ ಕಾವ್ಯದ ಮಾತಿನಂತೆಯೇ ನೀರಿನ ಮಾತೂ ಸಲ್ಲಬೇಕೆಂಬುದು ನನ್ನ ಒಂದು ಹಂಬಲ. ಮತ್ತೊಂದು ಕಾರಣವೂ ಉಂಟು. ಈ ನಾಡಿಗೆ ನೀರೆಂದರೆ ಬರಿಯ ನೀರಲ್ಲ, ಉಪ್ಪಿನ ಪ್ರಶ್ನೆಯೂ ಹೌದು. ಯಲಬುರ್ಗಾ, ಕುಷ್ಟಗಿಗಳ ಎಷ್ಟೋ ಕೊಳವೆಬಾವಿಗಳ ನೀರು ಸವುಳು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯ ನೀರು ಭತ್ತದ ಗದ್ದೆಗಳನ್ನು ಹಸಿರಾಗಿಸಿತು. ಆದರೆ ನೀರು ಬಸಿದುಹೋಗದ ತಗ್ಗಿನ ಹೊಲಗಳಲ್ಲಿ ಬಿಳಿಯ ಉಪ್ಪು ಮೇಲೆದ್ದಿತು. ನೀರಿನಲ್ಲಿ ಉಪ್ಪು ಕರಗಿದರೆ ರುಚಿ ಮಾತ್ರ ಕೆಡುವುದಿಲ್ಲ, ನೀರಿನ ಸ್ವಭಾವವೇ ಬದಲಾಗುತ್ತದೆಯೆಂಬುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಆ ಬದಲಾವಣೆಯ ಒಂದು ಸೂಕ್ಷ್ಮವಾದ ಮುಖವನ್ನು ತಿಳಿಯಬೇಕಾದರೆ ಹೋಪರ ಬಳಿಗೆ ಹೋಗಬೇಕು.

ಥಾಮಸ್ ಚಾರ್ಲ್ಸ್ ಹೋಪರು ೧೭೬೬ರ ಜುಲೈ ೨೧ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದರು. ತಂದೆ ಜಾನ್ ಹೋಪರು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ನಗರದ ಸಸ್ಯೋದ್ಯಾನವನ್ನು ಹೊಸದಾಗಿ ಕಟ್ಟಿ ಬೆಳೆಸಿದವರು. ಈ ತಂದೆಯ ಶಿಷ್ಯರಲ್ಲಿ ಇಬ್ಬರು ನಮಗೆ ಹತ್ತಿರದವರು. ಒಬ್ಬರು ವಿಲಿಯಂ ರಾಕ್ಸ್‌ಬರೋ. ಭಾರತದ ಗಿಡಮರಗಳ ಅಧ್ಯಯನಕ್ಕೆ ಅಡಿಗಲ್ಲಿಟ್ಟವರು. ಇನ್ನೊಬ್ಬರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ತರುವಾಯ ೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ, ಊರು ಊರಿನ ಬೆಳೆ, ಕಸುಬು, ಮಣ್ಣು, ನೀರುಗಳನ್ನು ಬರೆದಿಟ್ಟ ಆ ಬುಕಾನನ್ನರ ಗ್ರಂಥವನ್ನು ನಮ್ಮ ಚರಿತ್ರೆಯ ವಿದ್ಯಾರ್ಥಿಗಳು ಇಂದಿಗೂ ತಿರುವಿಹಾಕುತ್ತಾರೆ. ಎಡಿನ್‌ಬರೋದ ಒಂದು ತೋಟದಲ್ಲಿ ಕಲಿತ ಕಣ್ಣು ಕನ್ನಡನಾಡಿನ ಹೊಲಗಳನ್ನು ನೋಡಿತೆಂಬುದು ಸೋಜಿಗವಲ್ಲವೆ?

ಮಗನು ತಂದೆಯ ಮಾರ್ಗದಲ್ಲಿಯೇ ನಡೆದು ವೈದ್ಯವನ್ನು ಓದಿದರೂ ಮನಸ್ಸು ರಸಾಯನಶಾಸ್ತ್ರದ ಕಡೆಗೆ ವಾಲಿತು. ೧೭೮೭ರಲ್ಲಿ ವೈದ್ಯಪದವಿ ದೊರೆಯಿತು. ಅದೇ ವರ್ಷ, ಇಪ್ಪತ್ತೊಂದರ ಹರೆಯದಲ್ಲಿ, ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ ಪದವಿಯೂ ದೊರೆಯಿತು. ಅದು ಆ ಶಾಸ್ತ್ರದಲ್ಲಿ ಕ್ರಾಂತಿಯ ಕಾಲ. ಉರಿಯುವ ವಸ್ತುವಿನಿಂದ ಫ್ಲೊಜಿಸ್ಟನ್ ಎಂಬ ತತ್ತ್ವವೊಂದು ಹೊರಟುಹೋಗುತ್ತದೆಂದು ಹಿಂದಿನವರು ನಂಬಿದ್ದರು. ಹೊರಟುಹೋಗುವುದೇನೂ ಇಲ್ಲ, ಗಾಳಿಯ ಆಮ್ಲಜನಕವೇ ವಸ್ತುವಿನೊಡನೆ ಕೂಡುತ್ತದೆಂದು ಫ್ರಾನ್ಸಿನ ಲವಾಸಿಯೆ ತೋರಿಸಿಕೊಟ್ಟಿದ್ದರು. ಹಿರಿಯರು ಇನ್ನೂ ಅನುಮಾನಿಸುತ್ತಿದ್ದಾಗ ಈ ಹೊಸ ಮತವನ್ನು ಬ್ರಿಟನ್ನಿನ ತರಗತಿಗಳಿಗೆ ಮೊದಲು ತಂದವರಲ್ಲಿ ತರುಣ ಹೋಪರು ಒಬ್ಬರು. ಅಧ್ಯಾಪಕನಾದವನಿಗೆ ಇದು ಸಾಮಾನ್ಯ ಧೈರ್ಯವಲ್ಲ. ತಾನು ಕಲಿತದ್ದನ್ನೇ ಹೇಳುವುದು ಸುಲಭ. ತನ್ನ ಗುರುಗಳು ಒಪ್ಪದುದನ್ನು ಪೀಠದಿಂದ ಹೇಳುವುದು ಕಷ್ಟ.

ಗ್ಲಾಸ್ಗೋದಲ್ಲಿದ್ದಾಗಲೇ ಅವರ ಮೊದಲ ಕೀರ್ತಿ ಮೂಡಿತು. ಸ್ಕಾಟ್ಲೆಂಡಿನ ಪಶ್ಚಿಮದ ಗುಡ್ಡನಾಡಿನಲ್ಲಿ ಸ್ಟ್ರಾನ್ಷಿಯನ್ ಎಂಬ ಹಳ್ಳಿ. ಅಲ್ಲಿಯ ಸೀಸದ ಗಣಿಯಲ್ಲಿ ಸಿಕ್ಕ ಒಂದು ಖನಿಜದಲ್ಲಿ ಅದುವರೆಗೆ ಅರಿಯದ ವಸ್ತುವಿರಬಹುದೆಂದು ಆಡೇರ್ ಕ್ರಾಫರ್ಡ್ ಎಂಬವರು ಶಂಕಿಸಿದ್ದರು. ಹೋಪರು ಅದನ್ನು ಬಗೆಬಗೆಯಾಗಿ ಪರೀಕ್ಷಿಸಿ, ಅದು ಬೇರಿಯಂ ಅಲ್ಲ, ಸುಣ್ಣವೂ ಅಲ್ಲ, ಬೇರೆಯೇ ಒಂದು ಎಂದು ೧೭೯೩ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಸಿದ್ಧಪಡಿಸಿದರು. ಅದರ ಲವಣಗಳು ಜ್ವಾಲೆಗೆ ಕಡುಗೆಂಪು ಬಣ್ಣ ಕೊಡುವುದನ್ನು ಗಮನಿಸಿದರು. ಆ ಲೋಹವನ್ನು ಬೇರ್ಪಡಿಸಿದ್ದು ೧೮೦೮ರಲ್ಲಿ, ಹಂಫ್ರಿ ಡೇವಿ. ಸ್ಟ್ರಾನ್ಷಿಯಂ ಎಂಬ ಹೆಸರಿನಲ್ಲಿ ಆ ಹಳ್ಳಿ ಅಜರಾಮರವಾಯಿತು. ದೀಪಾವಳಿಯ ರಾತ್ರಿ ನಮ್ಮ ಬೀದಿಯ ಮಕ್ಕಳು ಹಚ್ಚುವ ಕೆಂಪು ಮತಾಪಿನ ಬೆಳಕು ಈ ಲವಣಗಳದೇ.

೧೭೯೫ರಲ್ಲಿ ಎಡಿನ್‌ಬರೋದ ವೃದ್ಧ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕರು ತಮ್ಮ ಪೀಠದಲ್ಲಿ ಜೊತೆಗಾರರಾಗಿ ಹೋಪರನ್ನು ಬರಮಾಡಿಕೊಂಡರು. ಮಂಜುಗಡ್ಡೆ ಕರಗುವಾಗ ಉಷ್ಣಮಾಪಕಕ್ಕೆ ಕಾಣದಂತೆ ಅಡಗುವ ಗುಪ್ತೋಷ್ಣವನ್ನು ಕಂಡುಹಿಡಿದ ಮಹಾನುಭಾವರು ಬ್ಲ್ಯಾಕರು. ೧೭೯೯ರಲ್ಲಿ ಅವರು ತೀರಿಕೊಂಡ ಬಳಿಕ ಪೀಠವೆಲ್ಲ ಹೋಪರದಾಯಿತು. ಅಂಥ ಗುರುವಿನ ಜಾಗದಲ್ಲಿ ಕುಳಿತವನು ನೀರು, ಶೀತ, ಉಷ್ಣಗಳ ವಿಚಾರಕ್ಕೆ ಕೈಹಾಕಿದುದು ಸಹಜವೇ.

ಸಮಸ್ಯೆ ಹಳೆಯದು. ವಸ್ತುಗಳು ಕಾದರೆ ಹಿಗ್ಗುತ್ತವೆ, ತಣಿದರೆ ಕುಗ್ಗುತ್ತವೆ. ಆದರೆ ನೀರು ಹೆಪ್ಪುಗಟ್ಟುವುದಕ್ಕೆ ಸ್ವಲ್ಪ ಮೊದಲು ಕುಗ್ಗುವುದನ್ನು ಬಿಟ್ಟು ಹಿಗ್ಗತೊಡಗುತ್ತದೆಂದು ಹದಿನೇಳನೆಯ ಶತಮಾನದ ಫ್ಲಾರೆನ್ಸಿನ ಪಂಡಿತರೇ ಕಂಡಿದ್ದರು. ಅವರು ನೋಡಿದ್ದು ಉದ್ದ ಕೊರಳಿನ ಗಾಜಿನ ಬುರುಡೆಯಲ್ಲಿ. ಗಾಜೂ ತಣಿದು ಕುಗ್ಗುತ್ತದೆಯಲ್ಲ. ಬುರುಡೆ ಕಿರಿದಾದರೆ ನೀರು ತಾನಾಗಿಯೇ ಕೊರಳಿಗೆ ಏರುತ್ತದೆ. ಆದುದರಿಂದ ಹಿಗ್ಗಿದ್ದು ನೀರಲ್ಲ, ಕುಗ್ಗಿದ್ದು ಗಾಜು ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಆಕ್ಷೇಪಿಸಿದರು. ಪರಮಾಣುವಾದದ ಡಾಲ್ಟನ್ನರು ಬೇರೆ ಬೇರೆ ವಸ್ತುಗಳ ಪಾತ್ರೆಗಳನ್ನು ತೆಗೆದುಕೊಂಡು ನೋಡಿದಾಗ ನೀರು ತಿರುಗುವ ಉಷ್ಣತೆ ಪಾತ್ರೆಗೊಂದು ಬಗೆಯಾಗಿ ಕಂಡಿತು. ಸಂದೇಹ ಮತ್ತಷ್ಟು ಬಲವಾಯಿತು. ಪಾತ್ರೆಯ ಗುಣವನ್ನು ನೀರಿನ ಗುಣದಿಂದ ಬೇರ್ಪಡಿಸುವುದು ಹೇಗೆ?

ಹೋಪರ ಜಾಣ್ಮೆ ಇರುವುದು ಇಲ್ಲಿ. ನೀರು ಎಷ್ಟು ಎತ್ತರಕ್ಕೆ ಏರಿತು ಎಂಬ ಪ್ರಶ್ನೆಯನ್ನೇ ಅವರು ಕೈಬಿಟ್ಟರು. ಭಾರವಾದುದು ಕೆಳಗಿಳಿಯುತ್ತದೆ, ಹಗುರವಾದುದು ಮೇಲೇರುತ್ತದೆ. ಇದಕ್ಕೆ ಪಾತ್ರೆಯ ಹಂಗಿಲ್ಲ. ಎತ್ತರವಾದ ಪಾತ್ರೆಯಲ್ಲಿ ನೀರು ತುಂಬಿ ಮೇಲೂ ಕೆಳಗೂ ಒಂದೊಂದು ಉಷ್ಣಮಾಪಕವಿಟ್ಟರೆ, ಭಾರದ ನೀರು ಯಾವುದೆಂದು ನೀರೇ ಹೇಳುತ್ತದೆ. ನಡುವನ್ನು ತಣಿಸಿದಾಗ ಮೊದಲು ಕೆಳಗಿನ ಉಷ್ಣಮಾಪಕ ಇಳಿಯುತ್ತದೆ, ಮೇಲಿನದು ಹೆಚ್ಚು ಕದಲುವುದಿಲ್ಲ. ತಣಿದ ನೀರು ಭಾರವಾಗಿ ತಳಕ್ಕೆ ಹೋಗುತ್ತಿದೆಯೆಂದಾಯಿತು. ಕೆಳಗಿನದು ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನ ಬಳಿಗೆ ಬಂದು ನಿಂತುಬಿಡುತ್ತದೆ. ಆಮೇಲೆ ಮೇಲಿನದರ ಸರದಿ. ಅದು ಇಳಿಯುತ್ತ ಇಳಿಯುತ್ತ ಕೆಳಗಿನದನ್ನೂ ದಾಟಿ ಸೊನ್ನೆಯನ್ನು ಮುಟ್ಟುತ್ತದೆ. ಅಂದರೆ, ನಾಲ್ಕಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲಕ್ಕೆ ಬರುತ್ತಿದೆ. ಹೋಪರು ಇದನ್ನು ಹಲವು ವಿಧವಾಗಿ, ತಣಿಸಿಯೂ ಕಾಯಿಸಿಯೂ, ಪರೀಕ್ಷಿಸಿ ೧೮೦೫ರಲ್ಲಿ ಪ್ರಕಟಿಸಿದರು. ಅವರಿಗೆ ದೊರೆತ ಅಂಕಿ ೪೦ ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು. ಇಂದಿನ ಸೂಕ್ಷ್ಮ ಅಳತೆ ೩.೯೮ ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು ೩೯.೨ ಡಿಗ್ರಿ ಫ್ಯಾರನ್‌ಹೀಟ್.

ವ್ಯತ್ಯಾಸ ಎಷ್ಟು ಅಲ್ಪವೆಂದರೆ, ನಾಲ್ಕು ಡಿಗ್ರಿಯ ಒಂದು ಲೀಟರ್ ನೀರು ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರಿಗಿಂತ ಹೆಚ್ಚು ತೂಗುವುದು ಒಂದು ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು. ಆ ಅಲ್ಪದ ಮೇಲೆ ಶೀತದೇಶಗಳ ಜಲಜೀವನವೆಲ್ಲ ನಿಂತಿದೆ. ಚಳಿಗಾಲದಲ್ಲಿ ಸರೋವರದ ಮೇಲ್ನೀರು ತಣಿದು ಕೆಳಗಿಳಿಯುತ್ತದೆ; ಇಡೀ ಸರೋವರ ನಾಲ್ಕು ಡಿಗ್ರಿಗೆ ಬಂದ ಮೇಲೆ ಇನ್ನಷ್ಟು ತಣಿದ ನೀರು ಮೇಲೆಯೇ ತೇಲಿ, ಅಲ್ಲಿಯೇ ಹೆಪ್ಪುಗಟ್ಟಿ, ಕೆಳಗಿನ ನೀರಿಗೆ ಕಂಬಳಿಯಾಗುತ್ತದೆ. ಆ ಕಂಬಳಿಯಡಿಯಲ್ಲಿ ಮೀನು ಬದುಕುತ್ತದೆ. ನಮ್ಮ ಕೆರೆಗಳು ಮಾಗಿಯ ಚಳಿಯಲ್ಲಿಯೂ ಈ ಉಷ್ಣತೆಯ ಸಮೀಪಕ್ಕೆ ಸುಳಿಯವು. ಆದುದರಿಂದಲೇ ನಮ್ಮ ವಿದ್ಯಾರ್ಥಿಗೆ ಇದು ಕಂಡ ಸತ್ಯವಲ್ಲ, ನಂಬಿದ ಸತ್ಯ.

ಈ ಸಾಧನೆಯ ತರುವಾಯ ಹೋಪರ ಬಾಳಿನಲ್ಲಿ ಒಂದು ತಿರುವು ಕಾಣುತ್ತದೆ. ಸಂಶೋಧಕ ಹಿಂದೆ ಸರಿದು ಬೋಧಕ ಮುಂದೆ ಬಂದ. ಅವರ ಉಪನ್ಯಾಸಗಳ ಖ್ಯಾತಿ ದೇಶವೆಲ್ಲ ಹರಡಿತು. ೧೮೨೦ರ ದಶಕದಲ್ಲಿ ಅವರ ತರಗತಿಯಲ್ಲಿ ಐನೂರಕ್ಕೂ ಹೆಚ್ಚು ಮಂದಿ ಕುಳಿತುಕೊಳ್ಳುತ್ತಿದ್ದರು. ಹಿಂದಿನ ಸಾಲಿನವನಿಗೂ ಕಾಣುವಂತೆ ದೊಡ್ಡ ದೊಡ್ಡ ಪಾತ್ರೆಗಳಲ್ಲಿ, ಒಮ್ಮೆಯೂ ಕೈತಪ್ಪದಂತೆ ಸಿದ್ಧಪಡಿಸಿಕೊಂಡು, ಪ್ರಯೋಗಗಳನ್ನು ತೋರಿಸುವುದು ಅವರ ಪದ್ಧತಿ. ೧೮೨೫ರಲ್ಲಿ ವೈದ್ಯ ಕಲಿಯಲೆಂದು ಬಂದ ಹದಿನಾರರ ಹುಡುಗನೊಬ್ಬನು ಆ ಊರಿನ ಉಪನ್ಯಾಸಗಳೆಲ್ಲ ಸಹಿಸಲಾಗದಷ್ಟು ನೀರಸವೆಂದೂ ಹೋಪರ ರಸಾಯನಶಾಸ್ತ್ರವೊಂದೇ ಇದಕ್ಕೆ ಹೊರತೆಂದೂ ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗ ನೆನೆದುಕೊಂಡನು. ಅವನೇ ಚಾರ್ಲ್ಸ್ ಡಾರ್ವಿನ್.

ಆದರೆ ಈ ವೈಭವಕ್ಕೆ ಒಂದು ಕೊರತೆಯಿತ್ತು. ಐನೂರು ಮಂದಿ ನೋಡಿದರು. ಕೈಯಿಟ್ಟು ಮಾಡಿದವರು ಕೆಲವರೇ. ವಿದ್ಯಾರ್ಥಿ ತಾನೇ ಪಾತ್ರೆ ಹಿಡಿದು ಕಲಿಯುವ ಪ್ರಯೋಗಪಾಠವನ್ನು ಹೋಪರು ಸಹಾಯಕರಿಗೆ ಬಿಟ್ಟಿದ್ದರು. ಡೇವಿಡ್ ಬಾಸ್‌ವೆಲ್ ರೀಡ್ ಎಂಬ ಸಹಾಯಕರು ಅದನ್ನು ಬೆಳೆಸಿ, ಪ್ರಾಯೋಗಿಕ ರಸಾಯನಶಾಸ್ತ್ರಕ್ಕೆ ಬೇರೆಯೇ ಪೀಠ ಬೇಕೆಂದು ಹೊರಟಾಗ ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ೧೮೩೩ರಲ್ಲಿ ರೀಡರು ಬೇರೆಯಾದರು. ಅತ್ತ ಜರ್ಮನಿಯ ಗೀಸೆನ್ ಊರಿನಲ್ಲಿ ಲೀಬಿಗರು ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಗೇ ಇಳಿಸಿ ಹೊಸ ಯುಗವನ್ನು ತೆರೆಯುತ್ತಿದ್ದರು. ತರುಣನಾಗಿದ್ದಾಗ ಹೊಸತನ್ನು ಎಲ್ಲರಿಗಿಂತ ಮೊದಲು ಅಪ್ಪಿಕೊಂಡವರು ಹಿರಿಯರಾದಾಗ ಮತ್ತೊಂದು ಹೊಸತನ್ನು ತಡವಾಗಿ ಕಂಡರು. ಅಧ್ಯಾಪಕ ವೃತ್ತಿಯಲ್ಲಿರುವ ನಮಗೆ ಈ ಮಾತು ಚುಚ್ಚದೆ ಇರದು. ನಾವು ಸೊಗಸಾಗಿ ಓದಿ ತೋರಿಸಿದ ಕಾವ್ಯ ವಿದ್ಯಾರ್ಥಿಯ ಬಾಯಿಗೆ ಬಾರದಿದ್ದರೆ ನಮ್ಮ ಸೊಗಸಿನಿಂದ ಆದುದೇನು?

ಇಷ್ಟಾದರೂ ಅವರೊಳಗಿನ ಸಂಶೋಧಕ ಸತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವರು ತಮ್ಮ ಹಳೆಯ ನೀರಿನ ಪ್ರಶ್ನೆಗೆ ಮರಳಿದರು. ಶುದ್ಧ ಜಲದಂತೆ ಸಮುದ್ರದ ಉಪ್ಪುನೀರೂ ಹೆಪ್ಪುಗಟ್ಟುವುದಕ್ಕೆ ಕೆಲವು ಡಿಗ್ರಿ ಮೊದಲೇ ಅತ್ಯಂತ ಭಾರವಾಗುತ್ತದೆಯೋ ಎಂಬುದು ಆ ವಿಚಾರಣೆ. ಅದನ್ನೂ ಎಡಿನ್‌ಬರೋದ ರಾಯಲ್ ಸೊಸೈಟಿಗೇ ಒಪ್ಪಿಸಿದರು.

ಈ ಪ್ರಶ್ನೆಯನ್ನು ಆಗಲೇ ಇತರರೂ ಎತ್ತಿದ್ದರು. ಸಮುದ್ರದ ನೀರು ಹೆಪ್ಪುಗಟ್ಟುವವರೆಗೂ ಕುಗ್ಗುತ್ತಲೇ ಹೋಗುತ್ತದೆಂದು ಲಂಡನ್ನಿನ ವೈದ್ಯ ಅಲೆಕ್ಸಾಂಡರ್ ಮಾರ್ಸೆ ೧೮೧೯ರಲ್ಲಿಯೇ ತಿಳಿಸಿದ್ದರು. ಪ್ಯಾರಿಸಿನ ಡೆಸ್ಪ್ರೆ ಎಂಬ ಪ್ರಾಧ್ಯಾಪಕರು ೧೮೩೦ರ ದಶಕದ ಕೊನೆಯಲ್ಲಿ ಲವಣ, ಆಮ್ಲ, ಕ್ಷಾರಗಳನ್ನು ಒಂದೊಂದಾಗಿ ನೀರಿನಲ್ಲಿ ಕರಗಿಸಿ ಅಳೆದರು. ಫಲಿತಾಂಶ ಸರಳವೂ ಸುಂದರವೂ ಆಗಿತ್ತು. ಕರಗಿದ ವಸ್ತು ಹೆಚ್ಚಿದಂತೆಲ್ಲ ನೀರು ಅತ್ಯಂತ ಸಾಂದ್ರವಾಗುವ ಉಷ್ಣತೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೆಪ್ಪುಗಟ್ಟುವ ಉಷ್ಣತೆಯೂ ಇಳಿಯುವುದು ನಿಜ. ಆದರೆ ಸಾಂದ್ರತೆಯದು ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಸಮುದ್ರದ ಉಪ್ಪಿನ ಲೆಕ್ಕದಲ್ಲಿ ಈ ವೇಗ ಸುಮಾರು ನಾಲ್ಕು ಪಟ್ಟು. ಹೀಗಿರಲು, ಇಬ್ಬರು ಓಟಗಾರರಲ್ಲಿ ಹಿಂದಿನಿಂದ ಹೊರಟ ಚುರುಕಿನವನು ಮುಂದಿನವನನ್ನು ಒಂದೆಡೆ ಹಿಡಿಯುವಂತೆ, ಒಂದು ಕಿಲೋಗ್ರಾಂ ನೀರಿನಲ್ಲಿ ೨೪.೭ ಗ್ರಾಂ ಉಪ್ಪಿರುವಲ್ಲಿ ಎರಡೂ ಸೊನ್ನೆಗಿಂತ ೧.೩ ಡಿಗ್ರಿ ಕೆಳಗೆ ಕೂಡುತ್ತವೆ. ಮಹಾಸಾಗರದ ನೀರಿನಲ್ಲಿ ಉಪ್ಪು ಸುಮಾರು ೩೫ ಗ್ರಾಂ. ಅದು ಸೊನ್ನೆಗಿಂತ ೧.೯ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಅದರ ಗರಿಷ್ಠ ಸಾಂದ್ರತೆಯ ಎಡೆಯಾದರೋ ಇನ್ನೂ ಕೆಳಗೆ, ಮೂರೂವರೆ ಡಿಗ್ರಿಯಷ್ಟು ಕೆಳಗಿದೆ. ಅಲ್ಲಿಗೆ ತಲಪುವ ಮೊದಲೇ ಸಮುದ್ರ ಮಂಜಾಗುತ್ತದೆ.

ಕಾರಣವನ್ನು ಇಂದಿನ ವಿಜ್ಞಾನ ಹೀಗೆ ವಿವರಿಸುತ್ತದೆ. ನೀರಿನ ಅಣುಗಳು ತಣಿದಂತೆ ಕೈಕೈ ಹಿಡಿದು, ನಡುವೆ ತೆರವುಗಳುಳ್ಳ ಒಂದು ಹಂದರವನ್ನು ಹೆಣೆಯತೊಡಗುತ್ತವೆ. ತಣಿದು ಒತ್ತಾಗುವ ಗುಣಕ್ಕೂ ಹಂದರವಾಗಿ ಹರಡಿಕೊಳ್ಳುವ ಗುಣಕ್ಕೂ ನಡೆಯುವ ಹಗ್ಗಜಗ್ಗಾಟದಲ್ಲಿ ನಾಲ್ಕು ಡಿಗ್ರಿಯೆಂಬುದು ಸಮಬಲದ ಗೆರೆ. ಲವಣದ, ಆಮ್ಲದ ಅಯಾನುಗಳು ನಡುವೆ ನುಗ್ಗಿ ಹಂದರವನ್ನು ಕೆಡಿಸುತ್ತವೆ. ಆದುದರಿಂದ ಅದನ್ನು ಹೆಣೆಯಲು ನೀರಿಗೆ ಇನ್ನೂ ಹೆಚ್ಚಿನ ತಂಪು ಬೇಕಾಗುತ್ತದೆ. ಕೆಡಿಸುವ ಶಕ್ತಿ ಎಲ್ಲಕ್ಕೂ ಸಮನಲ್ಲ. ಲವಣಕ್ಕೊಂದು ಬಗೆ, ಆಮ್ಲಕ್ಕೊಂದು ಬಗೆ. ಮದ್ಯಸಾರದಂಥ ಕೆಲವು ವಸ್ತುಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಾಗ ಆ ಉಷ್ಣತೆಯನ್ನು ತುಸು ಏರಿಸುವುದೂ ಉಂಟು; ಡೆಸ್ಪ್ರೆಯವರ ನಿಯಮಕ್ಕೆ ಅದೊಂದು ಹೊರತು. ನಮ್ಮ ಸವುಳುಬಾವಿಯ ನೀರಿನಲ್ಲಿ ಲೀಟರಿಗೆ ೨ ಗ್ರಾಂ ಲವಣವಿದ್ದರೆ, ಸಮುದ್ರದ ಲೆಕ್ಕವನ್ನೇ ಹಿಡಿದು ಹೇಳುವುದಾದರೆ, ಅದರ ನಾಲ್ಕು ಡಿಗ್ರಿ ಮೂರೂವರೆ ಡಿಗ್ರಿಯ ಹತ್ತಿರಕ್ಕೆ ಇಳಿದಿರುತ್ತದೆ. ನಾಲಗೆಗೆ ತಿಳಿಯುವ ಉಪ್ಪು ಉಷ್ಣಮಾಪಕಕ್ಕೂ ತಿಳಿಯುತ್ತದೆ.

ಪಾತ್ರೆಯಲ್ಲಿ ಕಂಡ ಈ ಸಣ್ಣ ಸಂಗತಿ ಕಡಲಿನಲ್ಲಿ ಬೃಹತ್ತಾಗುತ್ತದೆ. ಸರೋವರದಲ್ಲಿ ತಣಿದ ನೀರು ನಾಲ್ಕು ಡಿಗ್ರಿಗೆ ಮುಳುಗುವುದನ್ನು ನಿಲ್ಲಿಸುತ್ತದೆ. ಧ್ರುವಸಮುದ್ರದಲ್ಲಿ ಅದು ಹೆಪ್ಪುಗಟ್ಟುವವರೆಗೂ ಮುಳುಗುತ್ತಲೇ ಇರುತ್ತದೆ. ಹಾಗೆ ಮುಳುಗಿದ ನೀರು ಕಡಲಡಿಯಲ್ಲಿ ಮೆಲ್ಲಮೆಲ್ಲನೆ ಹರಿದು ಭೂಮಿಯನ್ನೇ ಸುತ್ತುತ್ತದೆ. ಕಾರವಾರದ ದಂಡೆಯಲ್ಲಿ ಬೆಚ್ಚಗೆ ಕಾಲು ತೊಳೆಯುವ ಅರಬ್ಬೀ ಸಮುದ್ರದ ಆಳದ ತಳದಲ್ಲಿ ಎರಡು ಡಿಗ್ರಿಯ ಆಸುಪಾಸಿನ ನೀರಿದೆ. ಅದರ ತಂಪು ದಕ್ಷಿಣಧ್ರುವದ ಕಡೆಯಿಂದ ಬಂದುದು.

ಹೋಪರು ೧೮೪೩ರಲ್ಲಿ ಪೀಠವನ್ನು ಬಿಟ್ಟರು. ೧೮೪೪ರ ಜೂನ್ ೧೩ರಂದು ತೀರಿಕೊಂಡರು. ಮದುವೆಯಾಗಲಿಲ್ಲ. ಸಂತಾನವೆಂದರೆ ಶಿಷ್ಯರೇ. ಆದರೆ ಅವರ ಕಥೆಯ ಅತ್ಯಂತ ಮಾರ್ಮಿಕವಾದ ಅಧ್ಯಾಯ ನಡೆದುದು ಅವರ ಮರಣಾನಂತರ.

೧೮೨೬ರಲ್ಲಿ ಹೋಪರು ಮಹಿಳೆಯರಿಗೂ ರಸಾಯನಶಾಸ್ತ್ರದ ಉಪನ್ಯಾಸಮಾಲೆಯೊಂದನ್ನು ನಡೆಸಿದ್ದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ಮೇಲೆ ಹೇಳಿದ ಮಾರ್ಸೆಯವರ ಪತ್ನಿ ಜೇನ್ ಮಾರ್ಸೆ ಸ್ತ್ರೀಯರಿಗಾಗಿ ಸಂವಾದರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವೇ ಅನೇಕರಿಗೆ ಗುರುವಾಗಿತ್ತು. ಬಡ ಬೈಂಡಿನ ಹುಡುಗ ಫ್ಯಾರಡೆಗೂ ಅದೇ ದಾರಿ ತೋರಿತು. ಹೋಪರ ಉಪನ್ಯಾಸಗಳಿಗೆ ಜನ ಕಿಕ್ಕಿರಿದರು, ಹಣವೂ ಬಂದಿತು. ೧೮೨೮ರಲ್ಲಿ ಅವರು ೮೦೦ ಪೌಂಡುಗಳನ್ನು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು ರಸಾಯನಶಾಸ್ತ್ರದಲ್ಲಿ ಒಂದು ಬಹುಮಾನವನ್ನು ಸ್ಥಾಪಿಸಿದರು. ಮುಂದೆ ಅದು ಹೋಪ್ ವಿದ್ಯಾರ್ಥಿವೇತನವೆನಿಸಿತು. ಅದನ್ನು ಗೆದ್ದವರಿಗೆ ಪ್ರಯೋಗಶಾಲೆಯನ್ನು ಶುಲ್ಕವಿಲ್ಲದೆ ಬಳಸುವ ಹಕ್ಕು.

೧೮೭೦ರಲ್ಲಿ, ಎಡಿನ್‌ಬರೋದಲ್ಲಿ ವೈದ್ಯ ಕಲಿಯಲು ಹೋರಾಡಿ ಪ್ರವೇಶ ಪಡೆದ ಕೆಲವೇ ಹೆಂಗಸರಲ್ಲಿ ಒಬ್ಬರಾದ ಎಡಿತ್ ಪೀಚಿ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಮೂರನೆಯವರಾಗಿ ಬಂದರು. ಮುಂದಿದ್ದ ಇಬ್ಬರೂ ಆ ಪಾಠವನ್ನು ಎರಡನೆಯ ಸಲ ಕೇಳಿದವರಾದುದರಿಂದ ವಿದ್ಯಾರ್ಥಿವೇತನಕ್ಕೆ ಅರ್ಹರಲ್ಲ. ನ್ಯಾಯವಾಗಿ ಅದು ಪೀಚಿಯವರದು. ಆದರೆ ಹೋಪರ ಪೀಠದಲ್ಲಿದ್ದ ಪ್ರಾಧ್ಯಾಪಕ ಕ್ರಂ ಬ್ರೌನರು ಅದನ್ನು ಅವರಿಗಿಂತ ಕೆಳಗಿದ್ದ ಗಂಡಸರಿಗೆ ಕೊಟ್ಟರು. ಹೆಂಗಸರು ಬೇರೆ ಹೊತ್ತಿನಲ್ಲಿ ಪಾಠ ಕೇಳಿದವರು, ಆದ್ದರಿಂದ ವಿಶ್ವವಿದ್ಯಾನಿಲಯದ ತರಗತಿಗೆ ಸೇರಿದವರಲ್ಲ ಎಂಬುದು ಸಮಜಾಯಿಷಿ. ಪೀಚಿಯವರ ಕೈಗೆ ಬಂದುದು ಒಂದು ಕಂಚಿನ ಪದಕ. ದೇಶದ ಪತ್ರಿಕೆಗಳು ಈ ಅನ್ಯಾಯವನ್ನು ಖಂಡಿಸಿದವು. ಮಹಿಳೆಯರು ಕೊಟ್ಟ ಶುಲ್ಕದಿಂದ ಹುಟ್ಟಿದ ನಿಧಿ ಮಹಿಳೆಗೇ ನಿಷಿದ್ಧವಾದ ವಿಪರೀತವನ್ನು ಏನೆನ್ನೋಣ! ತಪ್ಪಿಹೋದುದು ಹಣ ಮಾತ್ರವಲ್ಲ. ಪ್ರಯೋಗಶಾಲೆಯ ಬಾಗಿಲು ತಪ್ಪಿತು.

ಅವರು ಎದೆಗುಂದಲಿಲ್ಲ. ಸ್ವಿಟ್ಸರ್ಲೆಂಡಿನ ಬರ್ನ್‌ನಲ್ಲಿ ೧೮೭೭ರಲ್ಲಿ ವೈದ್ಯಪದವಿ ಪಡೆದು, ೧೮೮೩ರಲ್ಲಿ ಮುಂಬಯಿಗೆ ಬಂದರು. ಅಲ್ಲಿ ಸ್ತ್ರೀಯರಿಗಾಗಿ ಕಟ್ಟಿದ ಕಾಮಾ ಆಸ್ಪತ್ರೆಯ ಹೊಣೆ ಹೊತ್ತು, ಭಾರತದ ಹೆಣ್ಣುಮಕ್ಕಳಿಗೆ ದಾದಿಯರ ಶಿಕ್ಷಣ ಕೊಡಿಸಿ, ಬಾಲ್ಯವಿವಾಹದ ಬಂಧನವನ್ನು ನ್ಯಾಯಾಲಯದಲ್ಲಿ ಎದುರಿಸಿದ ರುಖಮಾಬಾಯಿಯವರ ಬೆಂಬಲಕ್ಕೆ ನಿಂತರು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಎಡಿನ್‌ಬರೋ ವಿಶ್ವವಿದ್ಯಾನಿಲಯವು ಪೀಚಿಯವರೂ ಸೇರಿದ ಆ ಏಳು ಮಹಿಳೆಯರಿಗೆ ಮರಣೋತ್ತರ ಗೌರವಪದವಿಗಳನ್ನು ನೀಡಿದ್ದು ೨೦೧೯ರಲ್ಲಿ, ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ.

ಹೋಪರನ್ನು ಅಳೆಯುವುದು ಹೇಗೆ? ಲವಾಸಿಯೆಯಂತೆ ಅವರು ಶಾಸ್ತ್ರವನ್ನು ಬುಡಮೇಲು ಮಾಡಲಿಲ್ಲ. ಡೇವಿಯಂತೆ ಲೋಹಗಳ ಸಾಲನ್ನು ಹೊರತೆಗೆಯಲಿಲ್ಲ. ಒಂದು ಮೂಲವಸ್ತುವಿನ ಗುರುತು, ನೀರಿನ ಒಂದು ಮರ್ಮ, ಸಾವಿರಾರು ಶಿಷ್ಯರ ಕುತೂಹಲ: ಇವಿಷ್ಟು ಅವರ ಗಳಿಕೆ. ಬಾಗಿಲೊಂದನ್ನು ಅರ್ಧ ತೆರೆದುದು ಅವರ ಮಿತಿ. ಪೂರ್ತಿ ತೆರೆಯುವುದು ಮುಂದಿನವರ ಕರ್ತವ್ಯವಾಗಿತ್ತು. ಅವರು ಅದನ್ನು ಮುಚ್ಚಿದರು.

ಇಂದು ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಕಾಲೇಜುಗಳಲ್ಲಿ ವಿಜ್ಞಾನ ಓದುವ ಹೆಣ್ಣುಮಕ್ಕಳಿಗೆ ಹೋಪ್ ಉಪಕರಣದ ಚಿತ್ರ ಬರೆಯುವುದು ಗೊತ್ತು. ಎರಡು ಉಷ್ಣಮಾಪಕ, ಒಂದಿಷ್ಟು ಮಂಜುಗಡ್ಡೆ, ಒಂದು ಎತ್ತರದ ಪಾತ್ರೆಯಿದ್ದರೆ ಮೂಲಪ್ರಯೋಗವನ್ನು ಅವರೇ ಮಾಡಬಹುದು. ಒಂದು ಸಲ ಶುದ್ಧ ಜಲದಲ್ಲಿ, ಇನ್ನೊಂದು ಸಲ ತಮ್ಮ ಊರಿನ ಸವುಳುಬಾವಿಯ ನೀರಿನಲ್ಲಿ, ಮತ್ತೊಂದು ಸಲ ಹಿಡಿ ಉಪ್ಪು ಕರಗಿಸಿದ ನೀರಿನಲ್ಲಿ. ಶುದ್ಧ ನೀರಿನಲ್ಲಿ ನಾಲ್ಕರ ಬಳಿ ನಿಲ್ಲುವ ಕೆಳಗಿನ ಪಾದರಸ ಉಪ್ಪು ಹೆಚ್ಚಿದಂತೆ ಇನ್ನೂ ಕೆಳಗಿಳಿಯುವುದನ್ನು ಆ ಹುಡುಗಿಯರು ತಮ್ಮ ಕಣ್ಣಿನಿಂದ ಕಂಡು, ಕನ್ನಡದಲ್ಲಿ ಬರೆದಿಟ್ಟರೆ, ಮಹಿಳೆಯರ ಶುಲ್ಕದ ಆ ಹಳೆಯ ಋಣ ಅಷ್ಟರಮಟ್ಟಿಗೆ ತೀರಿದಂತಾಗುತ್ತದೆ.